ಟಿಶ್ಯೂ ವಾಲ್ವ್ ಬೇಗ ಕೆಡುತ್ತಿದೆಯೇ? ಎಕೋ ರಿಪೋರ್ಟಿನಿಂದ ರಕ್ತ ಪರೀಕ್ಷೆಯವರೆಗೆ ಕಾರಣ ಹುಡುಕುವ ದಾರಿ

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. ಆರೇಳು ವರ್ಷದ ಹಿಂದೆ ಹೃದಯದ ಕವಾಟ ಬದಲಾಯಿಸಿದ್ದಾರೆ. ಹಾಕಿದ್ದು ಟಿಶ್ಯೂ ವಾಲ್ವ್, ಅಂದರೆ ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟ. ಹತ್ತು ಹದಿನೈದು ವರ್ಷ ಯೋಚನೆ ಇಲ್ಲ ಅಂತ ಆಗ ಹೇಳಿದ್ದರು. ಈಗ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದರೆ ಗ್ರೇಡಿಯೆಂಟ್, ಅಂದರೆ ಕವಾಟದ ಎರಡೂ ಬದಿಯ ಒತ್ತಡದ ವ್ಯತ್ಯಾಸ, ಜಾಸ್ತಿಯಾಗಿದೆ ಅಂತ ಬರೆದಿದೆ. ಮನೆಯವರು ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾರೆ: ವಾಲ್ವ್ ಹೋಯ್ತಾ?

ನಾನು ಎಕೋ ರೂಮಿನಲ್ಲಿ ಕೆಲಸ ಮಾಡುವವನು. ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನುವುದಕ್ಕೆ ಮುಂಚೆ ನೋಡಬೇಕಾದ್ದು ಬಹಳ ಇದೆ. ಗ್ರೇಡಿಯೆಂಟ್ ಏರಿದ ಮಾತ್ರಕ್ಕೆ ಕವಾಟ ಕೆಟ್ಟಿದೆ ಅಂತ ಅರ್ಥವಲ್ಲ. ನಿಜವಾಗಿಯೂ ಕೆಡುತ್ತಿದ್ದರೆ ಆಗ ಕವಾಟವನ್ನಷ್ಟೇ ನೋಡಿದರೆ ಸಾಲದು. ಅದು ಕೂತಿರುವ ಮೈಯ ಶುಗರ್, ಕಿಡ್ನಿ, ಕೊಬ್ಬು ಎಲ್ಲವನ್ನೂ ನೋಡಬೇಕು. ಮೊದಲನೆಯ ಕೆಲಸ ಒಂದು ಮಟ್ಟಿಗೆ ಎಲ್ಲ ಕಡೆ ನಡೆಯುತ್ತದೆ. ಎರಡನೆಯದು ಬಿಟ್ಟೇ ಹೋಗುತ್ತದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಕವಾಟ ಹಾಕಿಸಿಕೊಂಡವರು, ಅವರ ಮನೆಯವರು, ಊರಿನಲ್ಲಿ ಅವರನ್ನು ನೋಡಿಕೊಳ್ಳುವ ಡಾಕ್ಟರು ಮತ್ತು ನರ್ಸ್‌ಗಳಿಗೆ ಇದು ಉಪಯೋಗಕ್ಕೆ ಬರಲಿ.

ಇವಿದ್ದರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೋಗಿ

ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಮಲಗಲು ಆಗದಿದ್ದರೆ. ಎಚ್ಚರ ತಪ್ಪಿ ಬಿದ್ದರೆ. ಬಾಯಿ ಸೊಟ್ಟಗಾದರೆ, ಕೈಕಾಲಲ್ಲಿ ಬಲ ಹೋದರೆ, ಮಾತು ತೊದಲಿದರೆ. ಎದೆ ನೋವು ಬಂದರೆ. ಇವೆಲ್ಲ ಅವತ್ತೇ ನೋಡಬೇಕಾದವು. ಕವಾಟದ ಹಳೆಯ ಎಸಳು (ತೆರೆದು ಮುಚ್ಚುವ ತೆಳು ಪೊರೆ) ಹರಿದರೆ ಕೆಲವೇ ಗಂಟೆಗಳಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತದೆ.

ಜ್ವರದ ವಿಷಯ ಬೇರೆಯಾಗಿಯೇ ಹೇಳಬೇಕು. ಕೃತಕ ಕವಾಟ ಇರುವವರಿಗೆ ಕಾರಣ ಗೊತ್ತಿಲ್ಲದ ಜ್ವರ ಬಂದರೆ ಕವಾಟಕ್ಕೆ ಸೋಂಕು ತಗುಲಿರಬಹುದು. ಅದನ್ನು ಕಂಡುಹಿಡಿಯುವುದು ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಬ್ಲಡ್ ಕಲ್ಚರ್‌ನಿಂದ. ಬೇರೆ ಬೇರೆ ಜಾಗದಿಂದ ಮೂರು ಸಲ ರಕ್ತ ತೆಗೆಯಬೇಕು, ಅದೂ ಆಂಟಿಬಯಾಟಿಕ್ ಶುರು ಮಾಡುವ ಮುಂಚೆ. ನಮ್ಮಲ್ಲಿ ಆಗುವುದು ತಿರುಗಾಮುರುಗಾ. ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ. ಜ್ವರ ಇಳಿಯುತ್ತದೆ, ಮತ್ತೆ ಬರುತ್ತದೆ. ಅಷ್ಟರಲ್ಲಿ ಕಲ್ಚರ್ ಮಾಡಿದರೆ ಏನೂ ಬೆಳೆಯುವುದಿಲ್ಲ. ಆಂಟಿಬಯಾಟಿಕ್ ಬರೆಯುವ ಮುಂಚೆಯೇ "ಡಾಕ್ಟ್ರೇ, ನನಗೆ ಕೃತಕ ವಾಲ್ವ್ ಇದೆ" ಅಂತ ಹೇಳಿಬಿಡಿ.

ಒಳಗೆ ಕೂತಿರುವ ವಸ್ತು ಯಾವುದು?

ಟಿಶ್ಯೂ ವಾಲ್ವ್ ಅಂದರೆ ಹಂದಿಯ ಹೃದಯದ ಕವಾಟ, ಇಲ್ಲವೇ ದನದ ಹೃದಯದ ಸುತ್ತ ಇರುವ ತೆಳು ಪೊರೆಯಿಂದ ಕತ್ತರಿಸಿ ಹೊಲಿದ ಮೂರು ಎಸಳು. ಪೊರೆಯನ್ನು ಗ್ಲುಟರಾಲ್ಡಿಹೈಡ್ ಎಂಬ ದ್ರವದಲ್ಲಿ ನೆನೆಸಿ ಹದ ಮಾಡಿರುತ್ತಾರೆ. ಚರ್ಮ ಹದ ಮಾಡುವುದಕ್ಕೂ ಇದೇ ರಾಸಾಯನಿಕವನ್ನು ಬಳಸುವುದುಂಟು. 1960ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಸರ್ಜನ್ ಅಲೇನ್ ಕಾರ್ಪೆಂಟಿಯೆ ಈ ದಾರಿ ತೋರಿಸಿದರು. ಅದಕ್ಕೆ ಮುಂಚೆ ಪ್ರಾಣಿಯ ಕವಾಟ ಹಾಕಿದರೆ ಬೇಗನೆ ಹಾಳಾಗುತ್ತಿತ್ತು. ಗ್ಲುಟರಾಲ್ಡಿಹೈಡ್ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮೈ ಅದನ್ನು ಹೊರಗಿನದು ಅಂತ ತಿರಸ್ಕರಿಸುವುದೂ ಕಡಿಮೆಯಾಗುತ್ತದೆ.

ಆದರೆ ಅದರಲ್ಲೇ ಒಂದು ತೊಂದರೆಯೂ ಇದೆ. ಹದ ಮಾಡಿದ ಪೊರೆಯ ಜೀವಕೋಶಗಳು ಸತ್ತಿರುತ್ತವೆ. ಜೀವಂತ ಕೋಶ ತನ್ನೊಳಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸೇರದಂತೆ ಸದಾ ಹೊರಗೆ ತಳ್ಳುತ್ತಿರುತ್ತದೆ. ಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಒಳಗಿನದರ ಸುಮಾರು ಹತ್ತು ಸಾವಿರ ಪಟ್ಟು. ಸತ್ತ ಕೋಶಕ್ಕೆ ತಳ್ಳುವ ಶಕ್ತಿ ಇಲ್ಲ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೋಶವನ್ನು ಸುತ್ತಿದ ಪೊರೆಯಲ್ಲಿರುವ ಕೊಬ್ಬಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಇದೆ. ಇವೆರಡೂ ಸೇರಿ ಹರಳು ಕಟ್ಟುತ್ತವೆ. ಗ್ಲುಟರಾಲ್ಡಿಹೈಡ್‌ನ ಉಳಿಕೆಯೂ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆಲ್ಕೋಹಾಲಿನಂಥ ದ್ರವದಲ್ಲಿ ಆ ಕೊಬ್ಬು ತೊಳೆಯುವುದು, ಉಳಿಕೆಯ ಬಾಯಿ ಮುಚ್ಚುವುದು, ಇವೆಲ್ಲ ಕಂಪನಿಗಳು ಮಾಡುತ್ತಿರುವ ಉಪಾಯಗಳು. ಸುಣ್ಣ ಕಟ್ಟುವುದು ಇದರಿಂದ ತಡವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಹೃದಯ ನಿಮಿಷಕ್ಕೆ ಎಪ್ಪತ್ತು ಸಲ ಬಡಿದರೆ ವರ್ಷಕ್ಕೆ ಸುಮಾರು 3.7 ಕೋಟಿ ಸಲ ಈ ಎಸಳು ಮಡಚಿ ಬಿಚ್ಚುತ್ತದೆ. ಮಡಿಕೆ ಎಲ್ಲಿ ಜಾಸ್ತಿಯೋ ಅಲ್ಲೇ ಸುಣ್ಣ ಮೊದಲು ಕಟ್ಟುತ್ತದೆ: ಎಸಳಿನ ಬುಡ ಮತ್ತು ಎರಡು ಎಸಳು ಸೇರುವ ಮೂಲೆ. ಆಪರೇಷನ್‌ನಲ್ಲಿ ಹೊರತೆಗೆದ ಹಳೆಯ ಕವಾಟವನ್ನು ಗ್ಲವ್ಸ್ ಹಾಕಿದ ಬೆರಳಲ್ಲಿ ಒತ್ತಿ ನೋಡಿ. ಎಸಳಿನ ಅಂಚು ಇನ್ನೂ ಮೆತ್ತಗೆ ಬಾಗುತ್ತದೆ. ಬುಡ ಬಾಗುವುದೇ ಇಲ್ಲ, ಹಳದಿ ಬಿಳುಪಿನ ಗಂಟು ಬೆರಳಿಗೆ ಒತ್ತುತ್ತದೆ. ಹರಿದಿದ್ದರೆ ಆ ಸೀಳು ಹೆಚ್ಚಾಗಿ ಗಟ್ಟಿ ಜಾಗವೂ ಮೆತ್ತನೆಯ ಜಾಗವೂ ಸೇರುವ ಗೆರೆಯಲ್ಲೇ ಇರುತ್ತದೆ.

ಬಹಳ ವರ್ಷ ಇದನ್ನು ಬರೀ ಸವೆತ ಅಂತಲೇ ತಿಳಿದಿದ್ದರು. ಆಮೇಲೆ ಹೊರತೆಗೆದ ಕವಾಟಗಳಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಉರಿಯೂತದ ಕೋಶಗಳು, ಸಕ್ಕರೆ ಅಂಟಿಕೊಂಡ ಪ್ರೋಟೀನ್ ಎಲ್ಲ ಸಿಕ್ಕವು. ಹಾಕಿಸಿಕೊಂಡವರ ರಕ್ತದಿಂದಲೇ ಇವು ಎಸಳಿನೊಳಗೆ ಇಳಿದಿವೆ. ಹಾಗಾಗಿ ರಕ್ತದಲ್ಲಿ ಏನಿದೆ ಅನ್ನುವುದು ಕವಾಟದ ಆಯಸ್ಸಿಗೆ ಸಂಬಂಧಪಟ್ಟ ಮಾತು.

ಹಂತ 1: ಮೊದಲ ಎಕೋ ಎಲ್ಲಿದೆ?

ಕವಾಟ ಹಾಕಿದ ಒಂದರಿಂದ ಮೂರು ತಿಂಗಳೊಳಗೆ ಮಾಡಿದ ಎಕೋ ಎಲ್ಲಕ್ಕಿಂತ ಮುಖ್ಯ. ಅದು ಆ ಕವಾಟ ಆ ಮೈಯಲ್ಲಿ ಹೊಸದಾಗಿದ್ದಾಗಿನ ಲೆಕ್ಕ. ಸಣ್ಣ ಅಳತೆಯ ಕವಾಟದಲ್ಲಿ ಮೊದಲ ದಿನದಿಂದಲೇ ಗ್ರೇಡಿಯೆಂಟ್ 18 (ಬಿಪಿಯ ಹಾಗೆ ಪಾದರಸದ ಮಿಲಿಮೀಟರ್ ಲೆಕ್ಕ) ಇರಬಹುದು. ದೊಡ್ಡದರಲ್ಲಿ 8 ಇರಬಹುದು. ಇವತ್ತಿನ 22 ಮೊದಲನೆಯವರಿಗೆ ಅಂಥ ದೊಡ್ಡ ವಿಷಯ ಅಲ್ಲ. ಎರಡನೆಯವರಿಗೆ ಅದು ಎಚ್ಚರಿಕೆ. ಹೋಲಿಸಲು ಹಳೆಯದು ಇಲ್ಲದಿದ್ದರೆ ಇವತ್ತಿನ ಅಂಕಿ ಅರ್ಧ ಮಾತು ಮಾತ್ರ ಹೇಳುತ್ತದೆ.

ಆದ್ದರಿಂದ ಡಿಸ್ಚಾರ್ಜ್ ಸಮರಿ, ಮೊದಲ ಎಕೋ, ಕವಾಟದ ಕಾರ್ಡು ಈ ಮೂರನ್ನೂ ಫೋನಿನಲ್ಲಿ ಫೋಟೊ ತೆಗೆದು ಮನೆಯ ಇಬ್ಬರಾದರೂ ಇಟ್ಟುಕೊಳ್ಳಿ. ಕಾರ್ಡಿನಲ್ಲಿ ಕವಾಟದ ಹೆಸರು, ಮಾದರಿ, ಅಳತೆ ಇರುತ್ತದೆ. ಮುಂದೆ ಹಳೆಯ ಕವಾಟದೊಳಗೆ ಹೊಸದನ್ನು ತೂರಿಸಬೇಕಾಗಿ ಬಂದರೆ ಯಾವ ಅಳತೆಯದು ಅನ್ನುವುದು ಇದರಿಂದಲೇ ನಿರ್ಧಾರವಾಗುವುದು. ಫೈಲ್ ಕಳೆದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಅರ್ಜಿ ಕೊಟ್ಟು ಕೇಳಿ.

ಹಂತ 2: ಏರಿದ ಅಂಕಿ ಕವಾಟದ್ದೋ, ರಕ್ತದ ಓಟದ್ದೋ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಕೋ ಯಂತ್ರ ಕವಾಟದ ದಾರಿ ಎಷ್ಟು ಅಗಲ ಅಂತ ನೇರವಾಗಿ ಅಳೆಯುವುದಿಲ್ಲ. ರಕ್ತ ಎಷ್ಟು ಜೋರಾಗಿ ಓಡುತ್ತಿದೆ ಅಂತ ಅಳೆದು ಅದರಿಂದ ಒತ್ತಡದ ವ್ಯತ್ಯಾಸ ಲೆಕ್ಕ ಹಾಕುತ್ತದೆ. ಅದೇ ಗ್ರೇಡಿಯೆಂಟ್. ದಾರಿ ಕಿರಿದಾದರೂ ರಕ್ತ ಜೋರಾಗಿ ಓಡುತ್ತದೆ. ದಾರಿ ಹಾಗೇ ಇದ್ದು ಹೃದಯ ಜಾಸ್ತಿ ರಕ್ತ ತಳ್ಳಿದರೂ ಜೋರಾಗಿಯೇ ಓಡುತ್ತದೆ. ರಕ್ತಹೀನತೆ, ಜ್ವರ, ಥೈರಾಯ್ಡ್ ಜಾಸ್ತಿ ಇರುವುದು, ಬಸುರಿತನ, ಡಯಾಲಿಸಿಸ್‌ಗೆ ಕೈಯಲ್ಲಿ ಮಾಡಿದ ಫಿಸ್ಟುಲಾ (ರಕ್ತನಾಳಗಳ ಜೋಡಣೆ), ಇವೆಲ್ಲದರಲ್ಲೂ ಹೃದಯ ಜಾಸ್ತಿ ತಳ್ಳುತ್ತದೆ.

ಎರಡನ್ನೂ ಬೇರೆ ಮಾಡುವುದು ಡಿವಿಐ ಎಂಬ ಅನುಪಾತ. ಕವಾಟದ ಕೆಳಗಿನ ರಕ್ತದ ಓಟವನ್ನು ಕವಾಟದ ಒಳಗಿನ ಓಟದಿಂದ ಭಾಗಿಸಿದರೆ ಅದು ಸಿಗುತ್ತದೆ. ಮಹಾಪಧಮನಿಯ ಕವಾಟ, ಅಂದರೆ ಅಯೋರ್ಟಿಕ್ ವಾಲ್ವ್‌ನ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಆಪರೇಷನ್ ಆದ ಎರಡನೇ ತಿಂಗಳ ಎಕೋದಲ್ಲಿ ಸರಾಸರಿ ಗ್ರೇಡಿಯೆಂಟ್ 12 ಅಂದುಕೊಳ್ಳಿ. ಕವಾಟದ ಕೆಳಗಿನ ವಿಟಿಐ (ಒಂದು ಬಡಿತದಲ್ಲಿ ರಕ್ತ ಓಡುವ ದೂರ, ಸೆಂಟಿಮೀಟರಿನಲ್ಲಿ) 20, ಕವಾಟದ ಒಳಗಿನ ವಿಟಿಐ 45. ಇಪ್ಪತ್ತನ್ನು ನಲವತ್ತೈದರಿಂದ ಭಾಗಿಸಿದರೆ ಡಿವಿಐ 0.44.

ಏಳು ವರ್ಷದ ಮೇಲೆ ಗ್ರೇಡಿಯೆಂಟ್ 24 ಬಂತು. ಎರಡು ಪಟ್ಟು! ಆದರೆ ಕೆಳಗಿನ ವಿಟಿಐ 28, ಒಳಗಿನದು 64. ಭಾಗಿಸಿದರೆ ಮತ್ತೆ 0.44. ಕವಾಟದ ದಾರಿ ಬದಲಾಗಿಲ್ಲ. ಹೃದಯ ಜಾಸ್ತಿ ರಕ್ತ ತಳ್ಳುತ್ತಿದೆ. ಇಲ್ಲಿ ನೋಡಬೇಕಾದ್ದು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್.

ಅದೇ ಏಳು ವರ್ಷದ ಮೇಲೆ ಗ್ರೇಡಿಯೆಂಟ್ 27, ಕೆಳಗಿನ ವಿಟಿಐ 20, ಒಳಗಿನದು 71 ಅಂತ ಬಂದಿದ್ದರೆ? ಡಿವಿಐ 0.28. ಈಗ ದಾರಿಯೇ ಕಿರಿದಾಗಿದೆ. 2021ರಲ್ಲಿ ಬಂದ ವಾರ್ಕ್-3 ಎಂಬ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ ಸರಾಸರಿ ಗ್ರೇಡಿಯೆಂಟ್ ಮೊದಲಿಗಿಂತ 10 ಅಥವಾ ಹೆಚ್ಚು ಏರಿ 20 ದಾಟಿರಬೇಕು, ಜೊತೆಗೆ ಡಿವಿಐ 0.1 ಅಥವಾ ಶೇ 20ರಷ್ಟು ಇಳಿದಿರಬೇಕು. ಆಗ ಅದು ಮಧ್ಯಮ ಹಂತದ ಕೆಡುವಿಕೆ. 20 ಏರಿ 30 ದಾಟಿದರೆ, ಡಿವಿಐ 0.2 ಅಥವಾ ಶೇ 40ರಷ್ಟು ಇಳಿದರೆ, ಅದು ತೀವ್ರ. ಹೊಸದಾಗಿ ರಕ್ತ ಹಿಂದಕ್ಕೆ ಸೋರಲು ಶುರುವಾಗಿದ್ದರೂ ಕೆಡುವಿಕೆ ಅಂತಲೇ ಎಣಿಸುತ್ತಾರೆ.

ರಿಪೋರ್ಟಿನಲ್ಲಿ ಡಿವಿಐ ಬರೆಯದೆ ಬಿಟ್ಟಿದ್ದರೆ ಕೇಳಿ ಬರೆಸಿಕೊಳ್ಳಿ. ಎರಡು ಅಂಕಿಯ ಭಾಗಾಕಾರ ಅಷ್ಟೇ. ಇದನ್ನು ಬಿಡುವುದಕ್ಕೆ ಯಾವ ಸಬೂಬೂ ಇಲ್ಲ ಅಂತ ನನ್ನ ಅಭಿಪ್ರಾಯ. ಎಕೋ ದಿನದ ಬಿಪಿ ಮತ್ತು ನಾಡಿಯೂ ರಿಪೋರ್ಟಿನಲ್ಲಿ ಇರಲೇಬೇಕು. ಬಿಪಿ ತುಂಬಾ ಜಾಸ್ತಿ ಇದ್ದ ದಿನ ಕವಾಟದ ತೊಂದರೆ ಮರೆಯಾಗಿ ಕಾಣಬಹುದು. ಮೈಟ್ರಲ್ ಜಾಗದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ) ಕವಾಟಕ್ಕೆ ಮೇಲಿನ ಅಂಕಿಗಳು ಹೊಂದುವುದಿಲ್ಲ. ಅಲ್ಲಿ ನಾಡಿ 70 ಇದ್ದಾಗಿನ ಗ್ರೇಡಿಯೆಂಟನ್ನು 110 ಇದ್ದಾಗಿನದರ ಜೊತೆ ಹೋಲಿಸಿದರೆ ಸುಮ್ನೆ ಗಾಬರಿಯಾಗುತ್ತದೆ.

ಹಂತ 3: ಸುಣ್ಣ ಅಲ್ಲದ ಕಾರಣಗಳನ್ನು ಮೊದಲು ತೆಗೆದುಹಾಕಿ

ಗ್ರೇಡಿಯೆಂಟ್ ಮೊದಲ ದಿನದಿಂದಲೇ ಜಾಸ್ತಿ ಇದ್ದು ಹಾಗೆಯೇ ನಿಂತಿದ್ದರೆ, ಆ ಮೈಗೆ ಆ ಕವಾಟ ಸಣ್ಣದಾಯಿತು ಅಂತ ಅರ್ಥ. ಅದು ಕೆಡುವಿಕೆ ಅಲ್ಲ. ಆದರೆ ಸಣ್ಣ ಕವಾಟದ ಎಸಳಿಗೆ ಹೊಡೆತ ಜಾಸ್ತಿ, ಮುಂದೆ ಬೇಗ ಕೆಡುವ ಸಾಧ್ಯತೆಯೂ ಜಾಸ್ತಿ. ಆಮೇಲೆ ಮೈತೂಕ ಏರಿದರೆ ಆ ಕವಾಟದ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ.

ಗ್ರೇಡಿಯೆಂಟ್ ಚೆನ್ನಾಗಿದ್ದು ಕೆಲವೇ ತಿಂಗಳಲ್ಲಿ ಏರಿದರೆ ಹೆಪ್ಪು ಕಟ್ಟಿದೆಯೇ ಅಂತ ಯೋಚಿಸಬೇಕು. ಸುಣ್ಣ ವರ್ಷಗಟ್ಟಲೆ ನಿಧಾನವಾಗಿ ಕಟ್ಟುತ್ತದೆ, ಹೆಪ್ಪು ಅಷ್ಟು ಕಾಯುವುದಿಲ್ಲ. ಎಸಳು ದಪ್ಪಗಾಗಿದ್ದು ಸರಿಯಾಗಿ ಅಲುಗಾಡದಿದ್ದರೆ, ನಾಡಿ ಏರುಪೇರಾಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ಬಿಟ್ಟಿದ್ದರೆ ಅನುಮಾನ ಬಲವಾಗುತ್ತದೆ. ಬಣ್ಣ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣುತ್ತದೆ. ಅದಕ್ಕೆ ಮುಂಚೆ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಕೊಳ್ಳಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ: ಹೆಪ್ಪು ವಾಸಿಯಾಗುತ್ತದೆ. ಡಾಕ್ಟರು ಕೆಲವು ತಿಂಗಳು ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಕೊಟ್ಟು ಮತ್ತೆ ಎಕೋ ಮಾಡಿದಾಗ ಗ್ರೇಡಿಯೆಂಟ್ ಇಳಿದಿರುತ್ತದೆ, ಎಷ್ಟೋ ಜನ ಎರಡನೇ ಆಪರೇಷನ್ ತಪ್ಪಿಸಿಕೊಂಡಿದ್ದಾರೆ. ಸುಣ್ಣ ಆ ಮಾತ್ರೆಗೆ ಕರಗುವುದಿಲ್ಲ. ಎರಡನ್ನೂ ಬೇರೆ ಮಾಡದೆ ವಾಲ್ವ್ ಹೋಯ್ತು ಅಂತ ಬರೆದುಬಿಡುವುದು ಅನ್ಯಾಯ.

ಸೋಂಕಿನ ಮಾತು ಮೇಲೆ ಬಂದಿದೆ. ಕವಾಟದ ಅಂಚಿನಿಂದ ಸೋರಿಕೆ ಇದ್ದರೆ ಕೆಂಪು ರಕ್ತಕಣ ಒಡೆಯುತ್ತವೆ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು, ಕಣ್ಣು ಹಳದಿಯಾಗಬಹುದು, ಎಲ್‌ಡಿಎಚ್ ಎಂಬ ಕಿಣ್ವ (ಕಣ ಒಡೆದಾಗ ಹೊರಬರುವಂಥದ್ದು) ಏರುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ. ಈ ಮಾತು ನೆನಪಿರಲಿ, ಶುಗರ್ ಪರೀಕ್ಷೆಗೆ ಬಂದಾಗ ಬೇಕಾಗುತ್ತದೆ.

ಇವು ಯಾವುವೂ ಅಲ್ಲ, ಎಸಳು ದಪ್ಪಗೆ ಹೊಳೆಯುತ್ತಿದೆ, ವರ್ಷ ವರ್ಷಕ್ಕೆ ಡಿವಿಐ ಇಳಿಯುತ್ತಿದೆ ಅಂದರೆ ಅದು ಸುಣ್ಣವೇ. ಬಣ್ಣ ಕೊಡದ ಸಿಟಿಯಲ್ಲಿಯೂ ಸುಣ್ಣ ಬೆಳ್ಳಗೆ ಕಾಣುತ್ತದೆ.

ಹಂತ 4: ಈಗ ರಕ್ತದ ಕಡೆ ತಿರುಗಿ

ಮೊದಲು ನಮ್ಮ ಕೈಯಲ್ಲಿಲ್ಲದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸು ಕಡಿಮೆ ಇದ್ದಷ್ಟೂ ಟಿಶ್ಯೂ ವಾಲ್ವ್ ಬೇಗ ಕೆಡುತ್ತದೆ. ಮೈಟ್ರಲ್ ಜಾಗದಲ್ಲಿ ಅಯೋರ್ಟಿಕ್ ಜಾಗಕ್ಕಿಂತ ಬೇಗ ಕೆಡುತ್ತದೆ. ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಹಾಳಾದ ಎಳೆ ವಯಸ್ಸಿನ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಮುಂದೆ ಬಸುರಾದಾಗ ವಾರ್ಫರಿನ್ ಮಗುವಿಗೆ ಅಪಾಯ ಅಂತ ಅವರಲ್ಲಿ ಹಲವರಿಗೆ ಟಿಶ್ಯೂ ವಾಲ್ವ್ ಹಾಕುತ್ತಾರೆ. ಅದು ಸರಿಯಾದ ಯೋಚನೆಯೇ. ಆದರೆ ಅವರಲ್ಲಿ ಕವಾಟ ಬೇಗ ಕೆಟ್ಟರೆ ಸಕ್ಕರೆ, ಕೊಬ್ಬು ಅಂತ ಅವರನ್ನು ದೂರುವ ಹಾಗಿಲ್ಲ.

ಶುಗರ್

ನಡುವಯಸ್ಸು ದಾಟಿದವರಲ್ಲಿ ಕವಾಟ ಬೇಗ ಕೆಟ್ಟರೆ ನಾನು ಮೊದಲು ಕೇಳುವುದು ಶುಗರ್ ಬಗ್ಗೆ. ಕೆನಡಾದ ಕ್ವಿಬೆಕ್‌ನ ಸಂಶೋಧಕರು 2006ರಲ್ಲಿ ತೋರಿಸಿದ್ದು ಇದು: ಹೊಟ್ಟೆಯ ಬೊಜ್ಜು, ಏರಿದ ಶುಗರ್, ಬಿಪಿ, ಟ್ರೈಗ್ಲಿಸರೈಡ್ (ರಕ್ತದ ಒಂದು ಕೊಬ್ಬು) ಇವು ಒಟ್ಟಿಗೆ ಬರುವ ಮೆಟಬಾಲಿಕ್ ಸಿಂಡ್ರೋಮ್ ಇದ್ದವರಲ್ಲಿ ಟಿಶ್ಯೂ ವಾಲ್ವ್ ಬೇಗ ಕೆಡುತ್ತದೆ. 2012ರಲ್ಲಿ ಇಟಲಿಯ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನವೂ ಟೈಪ್ 2 ಮಧುಮೇಹದ ಬಗ್ಗೆ ಇದನ್ನೇ ಹೇಳಿತು.

ಹೇಗೆ ಅಂತೀರಾ? ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಅದು ಪ್ರೋಟೀನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಕವಾಟದ ಎಸಳಿನ ನಾರೂ ಪ್ರೋಟೀನೇ. ಮೈಯ ಬೇರೆ ಕಡೆ ಹಳೆಯ ನಾರು ಹೋಗಿ ಹೊಸದು ಬರುತ್ತದೆ. ಇಲ್ಲಿ ಬರುವುದಿಲ್ಲ. ಅಂಟಿದ್ದು ಅಂಟಿದ ಹಾಗೇ ಉಳಿದು ನಾರು ಬಿರುಸಾಗುತ್ತದೆ. ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಮೈಯಲ್ಲಿ ಉರಿಯೂತವೂ ಜಾಸ್ತಿ, ಸಣ್ಣ ಗಟ್ಟಿ ಕೆಟ್ಟ ಕೊಲೆಸ್ಟ್ರಾಲ್ ಕಣಗಳೂ ಜಾಸ್ತಿ. ಬಿಪಿಯೂ ಸೇರಿದರೆ ಎಸಳು ಮುಚ್ಚುವಾಗ ಬೀಳುವ ಹೊಡೆತ ಬೇರೆ.

ಪರೀಕ್ಷೆ ಏನು? ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್), ಬಿಪಿ, ಸೊಂಟದ ಸುತ್ತಳತೆ. ಸುತ್ತಳತೆಗೆ ಟೈಲರ್ ಟೇಪು ಸಾಕು. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಜಾಸ್ತಿ ಅಂತ ಲೆಕ್ಕ. ಆಳು ತೆಳ್ಳಗಿದ್ದಾರೆ ಅಂತ ಅಳೆಯದೆ ಬಿಡಬೇಡಿ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮುಂದೆ ಬಂದಿರುವುದು ನಮ್ಮಲ್ಲಿ ತೀರಾ ಸಾಮಾನ್ಯ, ಅಲ್ವಾ?

ಇಲ್ಲೊಂದು ಬಲೆ ಇದೆ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣಕ್ಕೆ ಮೂರು ತಿಂಗಳಲ್ಲಿ ಅಂಟಿದ ಸಕ್ಕರೆ. ಕವಾಟದ ಅಂಚಿನ ಸೋರಿಕೆಯಿಂದ ರಕ್ತಕಣ ಬೇಗ ಒಡೆಯುತ್ತಿದ್ದರೆ ಅವಕ್ಕೆ ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ. ಶುಗರ್ ಜಾಸ್ತಿ ಇದ್ದರೂ ಎಚ್‌ಬಿಎ1ಸಿ 6.2 ಅಂತ ಚಂದವಾಗಿ ಬರುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ತಿರುಗಾಮುರುಗಾ ಆಗಬಹುದು, ಶುಗರ್ ಸರಿ ಇದ್ದರೂ ಅಂಕಿ ಜಾಸ್ತಿ ಬರುತ್ತದೆ. ಹಾಗಾಗಿ ಎಲ್‌ಡಿಎಚ್ ಏರಿದವರಲ್ಲಿ, ಹಿಮೋಗ್ಲೋಬಿನ್ ಕಡಿಮೆ ಇರುವವರಲ್ಲಿ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್‌ನಲ್ಲಿ ಊಟಕ್ಕೆ ಮುಂಚೆ, ಊಟವಾದ ಎರಡು ಗಂಟೆಗೆ ನೋಡಿ ಬರೆದಿಡಿ.

ಕಿಡ್ನಿ, ರಂಜಕ, ಪ್ಯಾರಾಥೈರಾಯ್ಡ್

ಕವಾಟವನ್ನು ಎಲ್ಲಕ್ಕಿಂತ ವೇಗವಾಗಿ ಹಾಳು ಮಾಡುವುದು ಕೆಟ್ಟ ಕಿಡ್ನಿ. ಕಿಡ್ನಿ ಸೋತಾಗ ರಕ್ತದಲ್ಲಿ ಫಾಸ್ಫರಸ್ ಉಳಿದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಪಿಟಿಎಚ್ ಹಾರ್ಮೋನು ಸುರಿಯುತ್ತದೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಎಳೆಯುತ್ತದೆ. ರಕ್ತದಲ್ಲಿ ಎರಡೂ ಜಾಸ್ತಿಯಾದರೆ ಮೆತ್ತನೆಯ ಜಾಗಗಳಲ್ಲೆಲ್ಲ ಕೂರುತ್ತವೆ. ಗಡಸು ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೆನೆಸಿಕೊಳ್ಳಿ. ಕಾವಲಿಲ್ಲದ ಸತ್ತ ಎಸಳಿನಲ್ಲಿ ಅದು ಇನ್ನೂ ಸಲೀಸು.

ಕ್ರಿಯಾಟಿನಿನ್ ಒಂದನ್ನೇ ನೋಡಿ ಸಮಾಧಾನಪಡಬೇಡಿ. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ವಯಸ್ಸಾದವರಲ್ಲಿ 1.2 ಕೂಡ ಸೋತ ಕಿಡ್ನಿ ಇರಬಹುದು. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಲೆಕ್ಕ ಹಾಕಿಸಿ. ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿ. ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್, ವಿಟಮಿನ್ ಡಿ ನಾಲ್ಕನ್ನೂ ಒಂದೇ ದಿನ ತೆಗೆಸಿದರೆ ಒಟ್ಟಿಗೆ ಓದಲು ಅನುಕೂಲ. ರಕ್ತದ ಆಲ್ಬುಮಿನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳಾಗಿ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಪ್ರತಿ ಒಂದು ಗ್ರಾಂ ಕಡಿಮೆಗೆ ಕ್ಯಾಲ್ಸಿಯಂಗೆ 0.8 ಕೂಡಿಸಬೇಕು. ಕ್ಯಾಲ್ಸಿಯಂ 9.8, ಆಲ್ಬುಮಿನ್ 2.5 ಇದ್ದರೆ ನಿಜವಾದದ್ದು ಸುಮಾರು 11. ಮೊದಲನೆಯದು ಸಹಜ, ಎರಡನೆಯದು ಜಾಸ್ತಿ. ಕಿಡ್ನಿ ಚೆನ್ನಾಗಿದ್ದೂ ಕ್ಯಾಲ್ಸಿಯಂ, ಪಿಟಿಎಚ್ ಎರಡೂ ಏರಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲೇ ಗೆಡ್ಡೆ ಇರಬಹುದು. ಅದಕ್ಕೆ ಆಪರೇಷನ್ ಇದೆ. ಹುಡುಕದೆ ಬಿಟ್ಟರೆ ಹೊಸ ಕವಾಟವೂ ಹಾಗೇ ಹೋಗುತ್ತದೆ.

ಈ ಹಂತಕ್ಕೆ ಬಂದಾಗ ಮನೆಯವರು ತಪ್ಪದೆ ಕೇಳುವ ಪ್ರಶ್ನೆ: ರಾಗಿ ಬಿಡಬೇಕಾ? ರಾಗಿಯಲ್ಲಿ ಸುಣ್ಣದಂಶ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಹಾಲು, ಮೊಸರು, ಮುದ್ದೆ ಎಲ್ಲ ಬಿಟ್ಟು ಕೂತವರನ್ನು ನೋಡಿದ್ದೇನೆ. ಕಿಡ್ನಿ ಸರಿ ಇರುವವರು ಬಿಡಬೇಕಾಗಿಲ್ಲ. ಊಟದ ಕ್ಯಾಲ್ಸಿಯಂ ಎಷ್ಟೇ ಇರಲಿ, ರಕ್ತದಲ್ಲಿ ಎಷ್ಟಿರಬೇಕು ಅನ್ನುವುದನ್ನು ಪಿಟಿಎಚ್ ಕಾಯುತ್ತದೆ. ಮುದ್ದೆ ಬಿಟ್ಟು ಮೂರು ಹೊತ್ತೂ ಬಿಳಿ ಅನ್ನ ಉಂಡರೆ ಶುಗರ್ ಏರುತ್ತದೆ, ಅದೇ ಕವಾಟಕ್ಕೆ ಕೆಡುಕು. ಮುದ್ದೆಯಲ್ಲೂ ಪಿಷ್ಟ ಇದೆ, ಹಾಗಾಗಿ ಶುಗರ್ ಇರುವವರು ಗಾತ್ರ ನೋಡಿಕೊಳ್ಳಿ. ಜೊತೆಗೆ ಸೊಪ್ಪಿನ ಸಾರು, ಕಾಳು ಇರಲಿ.

ಎಚ್ಚರ ಬೇಕಿರುವುದು ಮಾತ್ರೆಯ ಬಗ್ಗೆ. ಮಂಡಿ ನೋವು, ಸುಸ್ತು ಅಂದ ಕೂಡಲೇ ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಬರೆದುಕೊಡುತ್ತಾರೆ. ಎಂಟು ವಾರಕ್ಕೆ ಅಂತ ಕೊಟ್ಟದ್ದನ್ನು ಎರಡು ವರ್ಷ ತಗೊಂಡವರಿದ್ದಾರೆ. ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಹೀಗೆ ರಕ್ತದ ಕ್ಯಾಲ್ಸಿಯಂ ನಿಜವಾಗಿಯೂ ಏರಬಹುದು. ಮಾತ್ರೆಗಳ ಡಬ್ಬಿಯನ್ನೇ ಡಾಕ್ಟರ ಮುಂದೆ ಇಟ್ಟು ಯಾವುದು ಬೇಕು, ಎಷ್ಟು ದಿನ ಅಂತ ಕೇಳಿ.

ಡಯಾಲಿಸಿಸ್‌ನಲ್ಲಿರುವವರಿಗೆ ಲೆಕ್ಕವೇ ಬೇರೆ. ಅವರಿಗೆ ಫಾಸ್ಫರಸ್ ಹಿಡಿತ ಅಂದರೆ ಜೀವನ್ಮರಣದ ಮಾತು. ಕೋಲಾ, ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಚೀಸ್, ಮಾಂಸಗಳಲ್ಲಿ ಬೆರೆಸುವ ಫಾಸ್ಫೇಟ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಕಾಳುಬೇಳೆಯ ಫಾಸ್ಫರಸ್ ಅಷ್ಟು ಸೇರುವುದಿಲ್ಲ. ಫಾಸ್ಫರಸ್ ಹಿಡಿಯುವ ಸೆವೆಲಮರ್‌ನಂಥ ಮಾತ್ರೆ ಕೆಲಸ ಮಾಡುವುದು ಊಟದ ಜೊತೆ ತಗೊಂಡರೆ ಮಾತ್ರ. ಅದು ಹಿಡಿಯಬೇಕಾದ್ದು ಹೊಟ್ಟೆಯಲ್ಲಿರುವ ಊಟದ ಫಾಸ್ಫರಸ್. ಊಟವಾಗಿ ಎರಡು ಗಂಟೆಗೆ ಬೇರೆ ಮಾತ್ರೆಗಳ ಜೊತೆ ನುಂಗಿದರೆ ದುಡ್ಡು ದಂಡ. ಫಾಸ್ಫರಸ್ ಇಳಿಯುತ್ತಿಲ್ಲ ಅಂದರೆ ಡೋಸ್ ಏರಿಸುವ ಮುಂಚೆ ಮಾತ್ರೆ ಯಾವಾಗ ತಗೊಳ್ತೀರಿ ಅಂತ ಒಂದು ಸಲ ಕೇಳಿ. ಕ್ಯಾಲ್ಸಿಯಂ ಇರುವ ಬೈಂಡರ್ (ಫಾಸ್ಫರಸ್ ಹಿಡಿಯುವ ಮಾತ್ರೆ) ಬೇಕೋ, ಇಲ್ಲದ್ದು ಬೇಕೋ ಅಂತ ಕಿಡ್ನಿ ಡಾಕ್ಟರೂ ಹೃದಯದ ಡಾಕ್ಟರೂ ಮಾತಾಡಿಕೊಂಡು ತೀರ್ಮಾನಿಸಬೇಕು. ರೋಗಿ ಎರಡು ಚೀಟಿ ಹಿಡಿದು ನಡುವೆ ಓಡಾಡುವ ಹಾಗೆ ಆಗಬಾರದು.

ಕೊಬ್ಬು

ಬಾಸ್ಟನ್‌ನ ವೈದ್ಯರು 2003ರಲ್ಲೇ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಲ್ಲಿ ಟಿಶ್ಯೂ ವಾಲ್ವ್ ಸುಣ್ಣಗಟ್ಟಿ ಹೊರತೆಗೆಯಬೇಕಾಗುವ ಸಂಭವ ಹೆಚ್ಚು ಅಂತ ಬರೆದಿದ್ದರು. ಹಾಗಾದರೆ ಸ್ಟ್ಯಾಟಿನ್ ಮಾತ್ರೆ ಕವಾಟವನ್ನು ಉಳಿಸುತ್ತದೆಯೇ? ಉಳಿಸುತ್ತದೆ ಅಂತ ಸಾಬೀತಾಗಿಲ್ಲ. ಹುಟ್ಟಿನಿಂದ ಬಂದ ಕವಾಟ ಸುಣ್ಣಗಟ್ಟುವುದನ್ನೂ ಅದು ತಡೆಯಲಿಲ್ಲ. 2005ರ ಸಾಲ್ಟೈರ್, 2008ರ ಸೀಸ್ ಅಧ್ಯಯನಗಳು ಅದನ್ನೇ ತೋರಿಸಿದವು. ಹಾಗಂತ ಸ್ಟ್ಯಾಟಿನ್ ಬಿಡಬೇಡಿ. ಶುಗರ್ ಇರುವವರಿಗೆ, ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇರುವವರಿಗೆ ಅದು ಹಾರ್ಟ್ ಅಟ್ಯಾಕ್ ತಪ್ಪಿಸುತ್ತದೆ. ಅದನ್ನು ಕೊಡುವುದು ಆ ಕಾರಣಕ್ಕೆ.

ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜೊತೆ ಅಪೊ-ಬಿ (ಕೆಟ್ಟ ಕೊಲೆಸ್ಟ್ರಾಲ್ ಕಣಗಳ ಪ್ರೋಟೀನ್) ಮತ್ತು ಲೈಪೊಪ್ರೋಟೀನ್-ಎ ಮಾಡಿಸಿದರೆ ಒಳ್ಳೆಯದು. ಲೈಪೊಪ್ರೋಟೀನ್-ಎ ಹುಟ್ಟಿನಿಂದ ಬರುವಂಥದ್ದು. ಪಥ್ಯಕ್ಕೂ ವ್ಯಾಯಾಮಕ್ಕೂ ಬಗ್ಗುವುದಿಲ್ಲ, ಸ್ಟ್ಯಾಟಿನ್‌ಗೂ ಇಳಿಯುವುದಿಲ್ಲ. ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಜಾಸ್ತಿ. ದಕ್ಷಿಣ ಏಷ್ಯಾದವರಲ್ಲಿ ಇದು ಯುರೋಪಿನವರಿಗಿಂತ ಸರಾಸರಿ ಹೆಚ್ಚು. ಸುಣ್ಣ ಕಟ್ಟಲು ಕುಮ್ಮಕ್ಕು ಕೊಡುವ ಆಕ್ಸಿಡೀಕರಣಗೊಂಡ ಕೊಬ್ಬನ್ನು ಇದು ಹೊತ್ತು ತಿರುಗುತ್ತದೆ. ಲ್ಯಾಬಿನಲ್ಲಿ ಚೀಟಿ ಕೊಡುವಾಗ ಎಚ್ಚರ. ಅಪೊ ಎ-1 ಅಂತ ಇನ್ನೊಂದು ಪರೀಕ್ಷೆ ಇದೆ, ಹೆಸರು ಹತ್ತಿರ ಹತ್ತಿರ. ಒಂದರ ಬದಲು ಇನ್ನೊಂದು ಮಾಡಿ ಕೊಡುವುದುಂಟು. ಅಂಕಿ ಜಾಸ್ತಿ ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಒಂದು ಸಲ ಮಾಡಿಸಿ.

ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಬೇಕು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಸಿಕ್ಕಿದ್ದರ ಮೇಲೆ ಏನು ಮಾಡುವುದು?

ಕಟ್ಟಿದ ಸುಣ್ಣವನ್ನು ಕರಗಿಸುವ ಔಷಧ ಇಲ್ಲ. ಹಾಗಂತ ಹೇಳಿ ಮಾರುವವರನ್ನು ನಂಬಿ ದುಡ್ಡು ಕಳೆಯಬೇಡಿ. ಶುಗರ್, ಬಿಪಿ, ಫಾಸ್ಫರಸ್ ಹಿಡಿತಕ್ಕೆ ತಂದರೆ ಕವಾಟ ಇಷ್ಟು ವರ್ಷ ಹೆಚ್ಚು ಬಾಳುತ್ತದೆ ಅಂತ ಯಾರೂ ಮಾತು ಕೊಡಲಾರರು. ಆದರೆ ಎರಡನೇ ಆಪರೇಷನ್‌ಗೆ ಹೋಗುವಾಗ ಕಿಡ್ನಿ ಚೆನ್ನಾಗಿದ್ದವರೂ, ಶುಗರ್ ಹಿಡಿತದಲ್ಲಿದ್ದವರೂ ಸುಲಭವಾಗಿ ಎದ್ದು ಓಡಾಡುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಮಧ್ಯಮ ಹಂತದಲ್ಲಿದ್ದು ಏನೂ ತೊಂದರೆ ಇಲ್ಲದಿದ್ದರೆ ಎಕೋವನ್ನು ವರ್ಷದ ಬದಲು ಆರು ತಿಂಗಳಿಗೆ ಮಾಡಿಸಲು ಡಾಕ್ಟರು ಹೇಳಬಹುದು. ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಹೋದ ಸಲ ಇಲ್ಲದ ಏದುಸಿರು ಈಗ ಮೆಟ್ಟಿಲು ಹತ್ತುವಾಗ ಬಂದಿದ್ದರೆ, ವಯಸ್ಸಾಯ್ತು ಅಂದುಕೊಂಡು ಸುಮ್ಮನಿರಬೇಡಿ, ಹೇಳಿ. ತೀವ್ರ ಹಂತಕ್ಕೆ ಬಂದರೆ ಎರಡು ದಾರಿ: ಎದೆ ತೆರೆದು ಕವಾಟ ಬದಲಾಯಿಸುವುದು, ಇಲ್ಲವೇ ತೊಡೆಯ ರಕ್ತನಾಳದಿಂದ ಹಳೆಯ ಕವಾಟದೊಳಗೆ ಹೊಸದನ್ನು ಕೂರಿಸುವುದು. ಎರಡನೆಯದರಲ್ಲಿ ಗಾಯ ಸಣ್ಣದು, ಆದರೆ ಹಳೆಯ ಕವಾಟ ಸಣ್ಣದಿದ್ದರೆ ಒಳಗಿನ ದಾರಿ ಇನ್ನೂ ಕಿರಿದಾಗುತ್ತದೆ. ಹೃದಯದ ಸ್ವಂತ ರಕ್ತನಾಳದ ಬಾಯಿ ಮುಚ್ಚಿಹೋಗುವ ಅಪಾಯವನ್ನೂ ಸಿಟಿಯಲ್ಲಿ ಅಳೆದು ನೋಡುತ್ತಾರೆ.

ಆ ಭೇಟಿಗೆ ಹೋಗುವಾಗ ಮೊದಲ ಎಕೋ ಮತ್ತು ಇತ್ತೀಚಿನ ಎಕೋ, ಕವಾಟದ ಕಾರ್ಡು, ಶುಗರ್ ಬರೆದಿಟ್ಟ ಪುಸ್ತಕ, ಒಂದೇ ದಿನ ತೆಗೆಸಿದ ಕ್ಯಾಲ್ಸಿಯಂ ಫಾಸ್ಫರಸ್ ಪಿಟಿಎಚ್ ರಿಪೋರ್ಟು, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳು, ನಾಟಿ ಔಷಧಿ ಇದ್ದರೆ ಅದೂ ಜೊತೆಗಿರಲಿ. ಹಲ್ಲು ಕೀಳಿಸುವುದು ಬಾಕಿ ಇದ್ದರೆ ಅದನ್ನೂ ಅಲ್ಲೇ ಹೇಳಿ. ಅದಕ್ಕೆ ಮುಂಚೆ ತಗೊಳ್ಳಬೇಕಾದ ಆಂಟಿಬಯಾಟಿಕ್ ಬರೆದುಕೊಡುತ್ತಾರೆ. ಹೊಸ ಕವಾಟ ಕೂರಿಸುವ ಮುಂಚೆಯೇ ಹಲ್ಲಿನ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.